ಟ್ರೇಲರ್ ಮನೆಗೆ ಗ್ಯಾಸ್ ಜನರೇಟರ್: ಸಿಲಿಂಡರ್ ಆರಿಸುವುದರಿಂದ ಕ್ಯಾಪ್ ಹಾಕುವವರೆಗೆ

ಯುಗಾದಿಗೆ ಪುಣೆ ಪಕ್ಕದ ಚಿಂಚ್‌ವಡದ ನಮ್ಮ ಕನ್ನಡ ಬಳಗ ಸೇರಿತ್ತು. ಬಾಗಲಕೋಟೆ ಕಡೆಯ ಹಿರಿಯರೊಬ್ಬರು ಹೋಳಿಗೆ ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದು ಕೇಳಿದರು: "ಸರ, ನೀವು ಗಾಡಿ ಮನೀಗೆ ಗ್ಯಾಸಿನ ಜನರೇಟರ್ ಇಟ್ಟೀರಂತ. ಅದಕ್ಕ ಮನೀ ಸಿಲಿಂಡರ್ ಹಚ್ಚಿದ್ರ ನಡೀತೈತೇನು?"

ಎಂಜಿನ್ ಓಡುತ್ತದೆ, ಆದರೆ ಹಚ್ಚಬಾರದು ಅಂದೆ. ಯಾಕೆ ಅಂತ ಶುರುವಾದ ಮಾತು ಅರ್ಧ ಗಂಟೆ ನಡೆಯಿತು. ಕೊನೆಗೆ ಅವರು, "ಇದನ್ನೆಲ್ಲ ಬರದು ಕೊಡ್ರಿ, ಮುಂಬೈನ್ಯಾಗ ನಮ್ಮ ಅಳಿಯಾನೂ ಟ್ರೇಲರ್ ಕಟ್ಟಸಾಕತ್ತಾನ" ಅಂದರು. ಆ ಅಳಿಯನಿಗೂ, ಈ ದಾರಿಗೆ ಹೊಸದಾಗಿ ಬರುವ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ 14 ಅಡಿಯ ಟ್ರೇಲರ್. ಭೋಸರಿಯ ಒಂದು ಶೆಡ್‌ನಲ್ಲಿ ಕಟ್ಟಿಸಿದ್ದು. ನಾನು, ಹೆಂಡತಿ, ಇಬ್ಬರು ಮಕ್ಕಳು. ಶನಿವಾರ ಸಿಕ್ಕರೆ ಪವನಾ ಹಿನ್ನೀರು, ನಾಲ್ಕು ದಿನ ಸಿಕ್ಕರೆ ತಾರ್ಕರ್ಲಿ ಅಥವಾ ಗೋವಾ. ಮೊದಲು ಪೆಟ್ರೋಲ್ ಜನರೇಟರ್ ಇಟ್ಟಿದ್ದೆವು. ಮಳೆಗಾಲ ಪೂರ್ತಿ ಟ್ರೇಲರ್ ನಿಂತಲ್ಲೇ ಇರುತ್ತಿತ್ತು. ದೀಪಾವಳಿಗೆ ಹೊರಡೋಣ ಅಂತ ಹಗ್ಗ ಎಳೆದರೆ ಸ್ಟಾರ್ಟೇ ಆಗುತ್ತಿರಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿದರೆ ಹಳೇ ಪೆಟ್ರೋಲ್ ಅಂಟಾಗಿ, ಜೆಟ್‌ನ ಸಣ್ಣ ತೂತು ಕಟ್ಟಿಕೊಂಡಿರುತ್ತಿತ್ತು. ಗ್ಯಾಸಿಗೆ ಈ ಕಾಟ ಇಲ್ಲ. ಆರು ತಿಂಗಳು ಬಿಟ್ಟರೂ ಸಿಲಿಂಡರ್‌ನಲ್ಲಿ ಹೇಗಿತ್ತೋ ಹಾಗೇ ಇರುತ್ತದೆ. ಎಂಜಿನ್ ಆಯಿಲ್ ಬೇಗ ಕಪ್ಪಾಗುವುದಿಲ್ಲ. ಕ್ಯಾನ್‌ನಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಮಕ್ಕಳಿರುವ ಕಾರಿನಲ್ಲಿ ಸಾಗಿಸುವ ಭಯವೂ ತಪ್ಪಿತು.

ಕಳೆದುಕೊಳ್ಳುವುದು ಒಂದೇ. ಅದೇ ಎಂಜಿನ್ ಗ್ಯಾಸಿನಲ್ಲಿ ಸುಮಾರು 10 ಪರ್ಸೆಂಟ್ ಕಡಿಮೆ ಶಕ್ತಿ ಕೊಡುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದರೆ ಆಯಿತು.

ಯಾವ ಸಿಲಿಂಡರ್

ಅಮೆರಿಕದವರ ವೀಡಿಯೊಗಳಲ್ಲಿ ಪ್ರೊಪೇನ್, ಪ್ರೊಪೇನ್ ಅನ್ನುತ್ತಿರುತ್ತಾರೆ. ಅಲ್ಲಿ ಮನೆಬಳಕೆಗೆ ಸಿಗುವುದೇ ಅದು. ನಮ್ಮಲ್ಲಿ ಸಿಗುವ ಎಲ್‌ಪಿಜಿ ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್ ಎರಡೂ ಬೆರೆತದ್ದು. ಎಂಜಿನ್‌ಗೆ ಇದು ನಡೆಯುತ್ತದೆ. ವ್ಯತ್ಯಾಸ ಗೊತ್ತಾಗುವುದು ಚಳಿಯಲ್ಲಿ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಬ್ಯೂಟೇನ್ ಕುದಿಯುವುದು ಹೆಚ್ಚು ಕಮ್ಮಿ ಸೊನ್ನೆ ಡಿಗ್ರಿಯಲ್ಲಿ. ಕೊಂಕಣದಲ್ಲಿ ಇದರ ಚಿಂತೆ ಬೇಡ. ಮಹಾಬಳೇಶ್ವರದ ಡಿಸೆಂಬರ್‌ನಲ್ಲಿ ಬೇಕು. ಅದನ್ನು ಆಮೇಲೆ ಹೇಳುತ್ತೇನೆ.

ಮನೆಯ ಕೆಂಪು 14.2 ಕೆ.ಜಿ. ಸಿಲಿಂಡರ್ ಅಡುಗೆಗೆ ಮಾತ್ರ. 2000ನೇ ಇಸವಿಯ ಎಲ್‌ಪಿಜಿ ಪೂರೈಕೆ ಆದೇಶದ ಪ್ರಕಾರ ಅದನ್ನು ಬೇರೆ ಕೆಲಸಕ್ಕೆ ಹಾಕುವಂತಿಲ್ಲ. ಹಾಗಾಗಿ ಉಳಿಯುವುದು ಎರಡು. ಹೋಟೆಲ್‌ಗಳಲ್ಲಿ ಕಾಣುವ ನೀಲಿ ಬಣ್ಣದ 19 ಕೆ.ಜಿ. ಕಮರ್ಷಿಯಲ್, ಇಲ್ಲವೇ ಮಾರುಕಟ್ಟೆ ದರಕ್ಕೆ ಸಿಗುವ 5 ಕೆ.ಜಿ.ಯ ಸಣ್ಣ ಸಿಲಿಂಡರ್. ಇಂಡೇನ್‌ನವರು ಇದನ್ನು ಛೋಟು ಅನ್ನುತ್ತಾರೆ, ಎಚ್‌ಪಿಯವರು ಅಪ್ಪು. ಗುರುತಿನ ಚೀಟಿ ತೋರಿಸಿದರೆ ಏಜೆನ್ಸಿಗಳಲ್ಲಿ, ಕೆಲವು ಪೆಟ್ರೋಲ್ ಪಂಪ್‌ಗಳಲ್ಲಿ ಕೊಡುತ್ತಾರೆ.

ನನ್ನ ಮತ ಛೋಟುವಿಗೆ, ಅದೂ ಎರಡು. 19 ಕೆ.ಜಿ.ಯದ್ದು ತುಂಬಿದಾಗ ಒಬ್ಬರಿಗೆ ಎತ್ತಲಾಗದಷ್ಟು ಭಾರ. ಟ್ರೇಲರ್‌ನ ಮೂತಿಯ ಮೇಲೆ ಅಷ್ಟು ತೂಕ ಹೇರಿದರೆ ಕಾರಿನ ಹಿಂಭಾಗ ಕುಸಿಯುತ್ತದೆ. ಎರಡು ಸಣ್ಣವಿದ್ದರೆ ಒಂದು ಓಡುತ್ತಿರುತ್ತದೆ, ಇನ್ನೊಂದು ಕಾಯುತ್ತಿರುತ್ತದೆ.

ಅಂಗಡಿಯಲ್ಲೇ ಎರಡು ವಿಷಯ ನೋಡಿ. ಹಿಡಿಯ ಒಳಗಡೆಯ ಪಟ್ಟಿಯಲ್ಲಿ ಒಂದು ಅಕ್ಷರ, ಒಂದು ಸಂಖ್ಯೆ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಜೂನ್‌ವರೆಗೆ, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಪಕ್ಕದ ಸಂಖ್ಯೆ ಇಸವಿ. ಆ ಹೊತ್ತಿಗೆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು. ಗಡುವು ಮುಗಿದಿದ್ದರೆ ಬೇರೆಯದು ಕೇಳಿ. ಹಾಗೆಯೇ ಖಾಲಿ ತೂಕ ಎಷ್ಟು ಅಂತ ಸಿಲಿಂಡರ್ ಮೇಲೇ ಇರುತ್ತದೆ. ಫೋನ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಮುಂದೆ ಗ್ಯಾಸ್ ಎಷ್ಟು ಉಳಿದಿದೆ ಅಂತ ತಿಳಿಯಲು ಇದೇ ಬೇಕು.

ಸಾಗಿಸುವಾಗ ಸಿಲಿಂಡರ್ ನೆಟ್ಟಗೆ ನಿಂತಿರಬೇಕು. ನಮ್ಮ ಟ್ರೇಲರ್‌ನ ಮೂತಿಯ ಮೇಲೆ ತಗಡಿನ ಪೆಟ್ಟಿಗೆ ಇದೆ. ಅದರ ತಳದಲ್ಲಿ ಕೈ ತೂರುವಷ್ಟು ತೂತುಗಳು. ಮಲಗುವ ಕೋಣೆ ಕಡೆಗೆ ಒಂದು ಸೂಜಿಯಷ್ಟೂ ಸಂದು ಇಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ಕೆಳಕ್ಕೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೇ ತೂತು ತಳದಲ್ಲಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಂತೂ ಇಡಲೇಬೇಡಿ.

ಎಷ್ಟು ದೊಡ್ಡ ಜನರೇಟರ್

ಮೊದಲು ಕಾಗದ, ಪೆನ್ನು ಹಿಡಿದು ಕೂರಿ. ನಮ್ಮ ಪಟ್ಟಿ ಹೀಗಿದೆ: ಎಲ್‌ಇಡಿ ದೀಪಗಳಿಗೆ 20 ವಾಟ್, ಬಿಎಲ್‌ಡಿಸಿ ಫ್ಯಾನ್ 30, ಸಣ್ಣ ಫ್ರಿಜ್ ಓಡುವಾಗ 80, ಲ್ಯಾಪ್‌ಟಾಪ್ 65, ಬ್ಯಾಟರಿ ಚಾರ್ಜರ್ ಸುಮಾರು 650. ಎಲ್ಲ ಒಟ್ಟಿಗೆ ಓಡಿದರೂ 1 ಕಿಲೋವಾಟ್ ದಾಟುವುದಿಲ್ಲ. ಪೆಟ್ರೋಲ್‌ನಲ್ಲಿ 2 ಕಿಲೋವಾಟ್ ಕೊಡುವ ಇನ್ವರ್ಟರ್ ಜನರೇಟರ್ ಗ್ಯಾಸಿನಲ್ಲಿ 1.8 ಕೊಡುತ್ತದೆ. ನಮಗೆ ಸಾಕು. ಇಂಡಕ್ಷನ್ ಒಲೆ, ಕೆಟಲ್, ಗೀಸರ್ ತರಬೇಡಿ. ಗ್ಯಾಸ್ ಸುಟ್ಟು ಕರೆಂಟ್ ಮಾಡಿ, ಆ ಕರೆಂಟ್‌ನಿಂದ ನೀರು ಕಾಯಿಸುವುದು ದಂಡ. ಒಲೆಯ ಮೇಲೆ ನೇರವಾಗಿ ಕಾಯಿಸಿ.

ಎಸಿ ಬೇಕು ಅನ್ನುವವರು ಒಂದು ಮಾತು ನೆನಪಿಡಿ. 1 ಟನ್‌ನ ಎಸಿ ಓಡಲು 1 ಕಿಲೋವಾಟ್ ಚಿಲ್ಲರೆ ಸಾಕು. ಆದರೆ ಹಳೇ ನಮೂನೆಯ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು ಎಳೆಯುತ್ತದೆ. ಸಣ್ಣ ಜನರೇಟರ್ ಅಲ್ಲೇ ಉಸಿರು ಬಿಡುತ್ತದೆ. ಇನ್ವರ್ಟರ್ ಎಸಿ ಹಾಕಿಸಿ, ಇಲ್ಲವೇ ಶುರುವಿನ ಆ ಎಳೆತ ತಗ್ಗಿಸುವ ಸಾಫ್ಟ್ ಸ್ಟಾರ್ಟರ್ ಕೂಡಿಸಿ. ಮೇ ತಿಂಗಳ ಗೋವಾಗೆ ಹೋಗುವುದಾದರೆ ಕರೆಂಟ್ ಕೊಡುವ ಜಾಗವನ್ನೇ ಬುಕ್ ಮಾಡುವುದು ವಾಸಿ.

ವಿದೇಶದಿಂದ ಯಾರಾದರೂ ತಂದುಕೊಡುತ್ತೇನೆ ಅಂದರೆ ಜಾಗ್ರತೆ. ಅಮೆರಿಕದ ಯಂತ್ರಗಳು 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ಅದರ ಗ್ಯಾಸ್ ಪೈಪಿನ ಮೂತಿಯೂ ನಮ್ಮ ಸಿಲಿಂಡರ್‌ಗೆ ಕೂಡುವುದಿಲ್ಲ.

ರೆಗ್ಯುಲೇಟರ್ ಮತ್ತು ಪೈಪು

ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಜನರೇಟರ್ ಕೊಂಡ ಅಂಗಡಿಯವರು ಜೊತೆಗೆ ಒಂದು ರೆಗ್ಯುಲೇಟರ್ ಕೊಟ್ಟರು. ಮನೆಗೆ ತಂದು ಹಾಕಿದರೆ ಎಂಜಿನ್ ಒಂದು ಸಲ ಕೆಮ್ಮಿ ನಿಲ್ಲುತ್ತಿತ್ತು. ಹಗ್ಗ ಎಳೆದು ಎಳೆದು ಭುಜ ಹಿಡಿದುಕೊಂಡಿತು. ಎರಡು ದಿನ ಆದ ಮೇಲೆ ರೆಗ್ಯುಲೇಟರ್ ಕೈಗೆ ತೆಗೆದುಕೊಂಡು ಸರಿಯಾಗಿ ನೋಡಿದೆ. ಅದು ಮದುವೆ ಅಡುಗೆಯವರ ದೊಡ್ಡ ಒಲೆಗೆ ಹಾಕುವ ಹೈ ಪ್ರೆಷರ್ ರೆಗ್ಯುಲೇಟರ್! ಒತ್ತಡ ಜಾಸ್ತಿಯಾಗಿ ಎಂಜಿನ್‌ಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಗ್ಯಾಸ್ ನುಗ್ಗುತ್ತಿತ್ತು. ಅದೃಷ್ಟ, ಯಾರಿಗೂ ಏನೂ ಆಗಲಿಲ್ಲ.

ಸಣ್ಣ ಜನರೇಟರ್‌ಗಳು ಸಾಮಾನ್ಯವಾಗಿ ಕೇಳುವುದು ಅಡುಗೆ ಒಲೆಯಷ್ಟೇ ಕಡಿಮೆ ಒತ್ತಡ, 30 ಮಿಲಿಬಾರ್ ಆಸುಪಾಸು. ನಿಮ್ಮ ಯಂತ್ರದ ಪುಸ್ತಕದಲ್ಲಿ ಎಷ್ಟು ಬರೆದಿದೆ ನೋಡಿ, ರೆಗ್ಯುಲೇಟರ್ ಮೇಲೆ ಎಷ್ಟು ಕೊರೆದಿದೆ ನೋಡಿ. ಎರಡೂ ಹೊಂದಬೇಕು. ಗಂಟೆಗೆ ಎಷ್ಟು ಕೆ.ಜಿ. ಹರಿಸುತ್ತದೆ ಅನ್ನುವುದೂ ಅದರ ಮೇಲಿರುತ್ತದೆ. ಐಎಸ್‌ಐ ಗುರುತು ಇರಲೇಬೇಕು.

ಪೈಪು ಕಿತ್ತಳೆ ಬಣ್ಣದ, ಒಳಗೆ ತಂತಿ ಹೆಣೆದ ಸುರಕ್ಷಾ ಪೈಪೇ ಇರಲಿ. ಅದರ ಆಯಸ್ಸು 5 ವರ್ಷ, ದಿನಾಂಕ ಮೈಮೇಲೇ ಅಚ್ಚಾಗಿರುತ್ತದೆ. ಟ್ರೇಲರ್ ಪೈಪು ಬಿಸಿಲು, ಧೂಳು, ಘಾಟಿಯ ಅಲುಗಾಟ ಎಲ್ಲ ತಿನ್ನುತ್ತದೆ. ನಾನು ಮೂರು ವರ್ಷಕ್ಕೇ ಬದಲಾಯಿಸುತ್ತೇನೆ. ಮೂತಿ ಕೂಡದಿದ್ದರೆ ಟೇಪ್ ಸುತ್ತಿ, ಪಾನಾ ಹಾಕಿ ಬಲವಂತವಾಗಿ ಕೂಡಿಸಬೇಡಿ. ಕೂಡದ ಪೈಪು ಅಂದರೆ ತಪ್ಪು ಪೈಪು, ಅಷ್ಟೇ.

ಎಲ್ಲಿ ಇಡಬೇಕು

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೇನೆ ಅನ್ನುವವರು ಇದನ್ನು ಓದಿ.

ಗ್ಯಾಸ್ ಸೋರಿದರೆ ಮೂಗಿಗೆ ತಿಳಿಯುತ್ತದೆ. ತಿಳಿಯಲಿ ಅಂತಲೇ ಮರ್ಕ್ಯಾಪ್ಟನ್ ಅನ್ನುವ ಕೆಟ್ಟ ವಾಸನೆಯ ವಸ್ತು ಬೆರೆಸಿರುತ್ತಾರೆ. ಆದರೆ ಅದೇ ಗ್ಯಾಸ್ ಎಂಜಿನ್‌ನಲ್ಲಿ ಸುಟ್ಟು ಸೈಲೆನ್ಸರ್‌ನಿಂದ ಹೊರಬರುವಾಗ ಆ ವಾಸನೆ ಇರುವುದಿಲ್ಲ. ಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪೆಟ್ರೋಲ್ ಹೊಗೆಯಾದರೆ ಘಾಟು ಬಡಿದು ನಾವೇ ದೂರ ಸರಿಯುತ್ತೇವೆ. ಗ್ಯಾಸಿನ ಹೊಗೆ ಹಾಗೆ ಎಚ್ಚರಿಸುವುದಿಲ್ಲ. "ಗ್ಯಾಸ್ ಅಲ್ವಾ, ಶುದ್ಧ" ಅಂತ ಜನ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ನಾನೂ ಇಟ್ಟಿದ್ದೆ.

ಪವನಾ ಹಿನ್ನೀರಿನ ದಡ, ಜನವರಿ ತಿಂಗಳು. ಸಂಜೆ ನಾಲ್ಕಕ್ಕೆ ಹೋಗಿ ಟ್ರೇಲರ್ ನಿಲ್ಲಿಸಿದೆವು. ಗಾಳಿ ನೀರಿನ ಕಡೆಯಿಂದ ಗುಡ್ಡದ ಕಡೆಗೆ ಬೀಸುತ್ತಿತ್ತು. ಸರಿ, ಹೊಗೆ ಗುಡ್ಡದ ಕಡೆ ಹೋಗಲಿ ಅಂತ ಜನರೇಟರನ್ನು ಟ್ರೇಲರ್‌ನ ಗುಡ್ಡದ ಬದಿಗೆ ಇಟ್ಟೆ. ಕೇಬಲ್ ಗಿಡ್ಡ ಇತ್ತು, ಮೂರು ಮೀಟರ್ ದೂರ ಅಷ್ಟೇ. ಊಟ ಆಯಿತು. ಮಕ್ಕಳು ಮಲಗಿದರು. ಹತ್ತು ಗಂಟೆ ಹತ್ತಿರ ಬಂದಿತ್ತು. ಇನ್ನೊಂದು ಸ್ವಲ್ಪ ಚಾರ್ಜ್ ಆಗಲಿ ಅಂತ ನಾನು ಕೂತಿದ್ದೆ. ಆಗ ಮಕ್ಕಳ ಹಾಸಿಗೆ ಪಕ್ಕದ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಿರುಚಿಕೊಂಡಿತು. ಅದರ ಪರದೆಯ ಮೇಲೆ ಆ ವಿಷಗಾಳಿಯ ಮಟ್ಟ 112 ಅಂತ ಕಾಣುತ್ತಿತ್ತು. ಹೆಂಡತಿ ಚಿಕ್ಕವಳನ್ನು ಹೊದಿಕೆ ಸಮೇತ ಎತ್ತಿಕೊಂಡಳು, ನಾನು ದೊಡ್ಡವನನ್ನು. ಹೊರಗೆ ಬಂದು ನಿಂತಾಗ ಕೆನ್ನೆಗೆ ತಣ್ಣನೆ ಗಾಳಿ ತಾಗಿತು. ಅದು ನೀರಿನಿಂದ ಬರುತ್ತಿರಲಿಲ್ಲ. ತಿಕೋನಾ ಗುಡ್ಡದಿಂದ ಇಳಿದು ನೀರಿನ ಕಡೆಗೆ ಹೋಗುತ್ತಿತ್ತು. ನಡುವೆ ನಮ್ಮ ಟ್ರೇಲರ್, ಅದರ ತೆರೆದ ಕಿಟಕಿ.

ಹಗಲು ಗುಡ್ಡ ಕಾದು ಗಾಳಿ ಮೇಲಕ್ಕೇರುತ್ತದೆ. ರಾತ್ರಿ ಗುಡ್ಡ ತಣ್ಣಗಾಗಿ ಗಾಳಿ ಕೆಳಕ್ಕೆ ಜಾರುತ್ತದೆ. ಸಮುದ್ರದ ದಡದಲ್ಲೂ ಇದೇ ಕಥೆ. ತಾರ್ಕರ್ಲಿ, ಮೋರ್ಜಿಮ್ ಎಲ್ಲೇ ಇರಲಿ, ಮಧ್ಯಾಹ್ನ ಕಡಲಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ ಗಾಳಿ. ಸಂಜೆ ನಾಲ್ಕಕ್ಕೆ ಸರಿಯಾಗಿದ್ದ ಜಾಗ ರಾತ್ರಿ ಹತ್ತಕ್ಕೆ ತಪ್ಪಾಗಿರುತ್ತದೆ.

ಅಂದಿನಿಂದ ನಾನು ಜನರೇಟರನ್ನು ಅಡ್ಡಕ್ಕೆ ಇಡುತ್ತೇನೆ. ಅಂದರೆ ನೀರಿಗೆ ಮುಖ ಮಾಡಿ ನಿಂತರೆ ಟ್ರೇಲರ್‌ನ ಎಡಕ್ಕೋ ಬಲಕ್ಕೋ. ಗಾಳಿ ನೀರಿನಿಂದ ಬಂದರೂ, ಗುಡ್ಡದಿಂದ ಬಂದರೂ, ಹೊಗೆ ಪಕ್ಕದಲ್ಲೇ ಹಾದು ಹೋಗುತ್ತದೆ. ದೂರ ಕನಿಷ್ಠ 6 ಮೀಟರ್, ಅಂದರೆ 20 ಅಡಿ. ಸೈಲೆನ್ಸರ್‌ನ ಬಾಯಿ ಟ್ರೇಲರ್‌ಗೆ ಬೆನ್ನು ಮಾಡಿರಬೇಕು. ಪಕ್ಕದ ಟೆಂಟ್‌ನವರಿಗೂ ಅಷ್ಟೇ ದೂರ ಬಿಡಿ. ಪವನಾದಲ್ಲಿ ಶನಿವಾರ ಟೆಂಟುಗಳು ಒತ್ತೊತ್ತಾಗಿರುತ್ತವೆ. ಅಂಥ ದಿನ ನಾವು ಜನರೇಟರ್ ಹೊರಗೇ ತೆಗೆಯುವುದಿಲ್ಲ.

ಗಾಳಿಯ ದಿಕ್ಕು ಗೊತ್ತಾಗದಿದ್ದರೆ ಒಂದು ಊದಿನಕಡ್ಡಿ ಹಚ್ಚಿ ನೋಡಿ. ಅದು ಸಿಲಿಂಡರ್ ಪೆಟ್ಟಿಗೆಯಿಂದ ಹೊರಗೆ ತೆಗೆಯುವ ಮೊದಲು. ನೋಡಿ ಆದ ಮೇಲೆ ನೀರಿಗೆ ಅದ್ದಿ ಆರಿಸಿ.

ಟ್ರೇಲರ್‌ನ ಚಾವಣಿ ಬಟ್ಟೆಯ ಕೆಳಗೆ, ಟೆಂಟ್ ಒಳಗೆ, ಗಾಡಿಯ ಅಡಿಗೆ ಜನರೇಟರ್ ಬೇಡವೇ ಬೇಡ, ಮಳೆ ಬಂದರೂ. ಮಳೆ ಜೋರಾದರೆ ಆಫ್ ಮಾಡಿ, ಆರಿದ ಮೇಲೆ ಮುಚ್ಚಿಡಿ. ಡಿಸೆಂಬರ್ ದಾಟಿದರೆ ಸಹ್ಯಾದ್ರಿಯ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಸೈಲೆನ್ಸರ್ ಸುತ್ತ ಎರಡು ಮೀಟರ್ ಹುಲ್ಲು ಕಿತ್ತು ಬರಿ ಮಣ್ಣು ಕಾಣುವ ಹಾಗೆ ಮಾಡಿ. ಸಿಲಿಂಡರ್ ಸೈಲೆನ್ಸರ್ ಇಲ್ಲದ ಬದಿಗೆ, ಪೈಪು ಎಷ್ಟು ಬಿಡುತ್ತದೋ ಅಷ್ಟು ದೂರ, ನೆಟ್ಟಗೆ, ಸಮ ನೆಲದ ಮೇಲೆ.

ಅಲಾರಂ ಎರಡು ಬೇಕು. ಕಾರ್ಬನ್ ಮೊನಾಕ್ಸೈಡ್‌ನದ್ದು ಮಲಗುವವರ ತಲೆಯ ಎತ್ತರಕ್ಕೆ, ಗ್ಯಾಸ್ ಸೋರಿಕೆಯದ್ದು ನೆಲದ ಹತ್ತಿರ. ಮೊದಲನೆಯದಕ್ಕೆ ಇಎನ್ 50291 ಅನ್ನುವ ಯುರೋಪಿನ ಮಾನದಂಡದ ಗುರುತು ಇರುವುದನ್ನು ಕೊಳ್ಳಿ. ಅದರ ಎರಡನೇ ಭಾಗ ಇಂಥ ಗಾಡಿಗಳಿಗೆ, ದೋಣಿಗಳಿಗೆ ಅಂತಲೇ ಇರುವುದು. ತಲೆನೋವು, ತಲೆಸುತ್ತು, ವಾಕರಿಕೆ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ಶುರುವಾದರೆ ದಾರಿ ಸುಸ್ತು ಅಂತ ಬಿಡಬೇಡಿ. ಎಲ್ಲರೂ ಹೊರಗೆ ಬನ್ನಿ, 108ಕ್ಕೆ ಫೋನ್ ಮಾಡಿ. ಮಹಾರಾಷ್ಟ್ರಕ್ಕೂ ಗೋವಾಕ್ಕೂ ಅದೇ ನಂಬರ್. ಗ್ಯಾಸ್ ಸೋರಿಕೆಗೆ 1906.

ಇನ್ನು ಯಾರಾದರೂ ಮಲಗಿರುವಾಗ ನಮ್ಮಲ್ಲಿ ಜನರೇಟರ್ ಓಡುವುದಿಲ್ಲ. ಇದಕ್ಕೆ ವಿನಾಯಿತಿ ಇಲ್ಲ.

ಸ್ಟಾರ್ಟ್ ಮಾಡುವ ಕ್ರಮ

ಮೊದಲು ಆಯಿಲ್ ನೋಡಿ. ಆಮೇಲೆ ಪೈಪು ಜೋಡಿಸಿ, ರೆಗ್ಯುಲೇಟರ್ ಕೂಡಿಸಿ. ಜನರೇಟರ್ ಎರಡೂ ಇಂಧನದ್ದಾದರೆ ಪೆಟ್ರೋಲ್ ಬರುವ ನಲ್ಲಿಯನ್ನು ಬಂದ್ ಮಾಡಿ, ಕಾರ್ಬ್ಯುರೇಟರ್‌ನಲ್ಲಿ ಉಳಿದ ಪೆಟ್ರೋಲ್ ಖಾಲಿಯಾಗಲಿ. ಎರಡೂ ಒಟ್ಟಿಗೆ ಹೋಗಬಾರದು.

ರೆಗ್ಯುಲೇಟರ್ ನಾಬ್ ಮೆಲ್ಲಗೆ ತಿರುಗಿಸಿ. ಈಗ ಸೋಪಿನ ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ, ಅರ್ಧ ಲೋಟ ನೀರು, ಹಳೇ ಬ್ರಶ್. ಸಿಲಿಂಡರ್ ಬಾಯಿ, ಪೈಪಿನ ಎರಡೂ ತುದಿ, ಜನರೇಟರ್‌ನ ಮೂತಿ, ಎಲ್ಲ ಕಡೆ ಬಳಿಯಿರಿ. ಅರ್ಧ ನಿಮಿಷ ಬಗ್ಗಿ ನೋಡಿ. ಸೋರುತ್ತಿದ್ದರೆ ಸಾಸಿವೆಯಷ್ಟು ಗುಳ್ಳೆ ಎದ್ದು, ಊದಿ, ಒಡೆದು, ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಕಂಡರೆ ಬಂದ್ ಮಾಡಿ. ಬಹಳ ಸಲ ಸಿಲಿಂಡರ್ ಬಾಯಿಯ ಒಳಗಿನ ರಬ್ಬರ್ ರಿಂಗ್ ಸವೆದಿರುತ್ತದೆ. ಆ ಸಿಲಿಂಡರ್ ಅವತ್ತು ಬಳಸಬೇಡಿ, ಏಜೆನ್ಸಿಗೆ ವಾಪಸ್ ಕೊಡಿ. ಕಡ್ಡಿ ಗೀರಿ ಪರೀಕ್ಷೆ ಮಾಡುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಬೇಡ.

ಎಂಜಿನ್‌ಗೆ ಮೊದಲೇ ಸ್ವಲ್ಪ ಗ್ಯಾಸ್ ಬಿಡುವ ಪ್ರೈಮ್ ಗುಂಡಿ ಇದ್ದರೆ ಒಂದೆರಡು ಸೆಕೆಂಡ್ ಒತ್ತಿ. ಚೋಕ್ ಹಾಕಿ ಹಗ್ಗ ಎಳೆಯಿರಿ. ಮೊದಲ ಒಂದೆರಡು ಎಳೆತ ಪೈಪಿನೊಳಗಿನ ಗಾಳಿ ಹೋಗುವುದಕ್ಕೆ. ಸ್ಟಾರ್ಟ್ ಆದ ಕೂಡಲೇ ಚೋಕ್ ತೆಗೆಯಿರಿ. ಮೂರು ನಿಮಿಷ ಸುಮ್ನೆ ಓಡಲಿ. ಆಮೇಲೆ ಟ್ರೇಲರ್ ಕೇಬಲ್ ಸಿಕ್ಕಿಸಿ, ಒಳಗಿನ ಸ್ವಿಚ್‌ಗಳನ್ನು ಒಂದೊಂದಾಗಿ ಹಾಕಿ, ದೊಡ್ಡದು ಮೊದಲು.

ಆಫ್ ಮಾಡುವಾಗ ಇದರ ಉಲ್ಟಾ. ಲೋಡ್ ತೆಗೆಯಿರಿ, ಎರಡು ನಿಮಿಷ ತಣ್ಣಗಾಗಲು ಬಿಡಿ. ಆಮೇಲೆ ಸಿಲಿಂಡರ್ ಕಡೆಯಿಂದ ಬಂದ್ ಮಾಡಿ. ಪೈಪಿನಲ್ಲಿ ಉಳಿದ ಗ್ಯಾಸ್ ಸುಟ್ಟು ಎಂಜಿನ್ ತಾನಾಗಿ ನಿಲ್ಲುತ್ತದೆ. ಕೊನೆಗೆ ಸ್ವಿಚ್ ಆಫ್. ಮೊದಲೇ ಸ್ವಿಚ್ ಆಫ್ ಮಾಡಿದರೆ ಪೈಪಿನಲ್ಲಿ ಗ್ಯಾಸ್ ಉಳಿಯುತ್ತದೆ, ಬಿಚ್ಚುವಾಗ ಕೈ ಹತ್ತಿರವೇ ಹೊರಬರುತ್ತದೆ.

ಕರೆಂಟಿನ ಕಡೆ

ಕೇಬಲ್ 2.5 ಚದರ ಮಿಲಿಮೀಟರ್‌ನ ಮೂರು ಎಳೆಯ ತಾಮ್ರದ್ದಿರಲಿ, ಉದ್ದ ಕನಿಷ್ಠ 10 ಮೀಟರ್. ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟ ಕೇಬಲ್‌ನಲ್ಲಿ ಜಾಸ್ತಿ ಕರೆಂಟ್ ಹರಿದರೆ ಕಾವು ಹೊರಹೋಗದೆ ಪ್ಲಾಸ್ಟಿಕ್ ಕರಗುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಟ್ರೇಲರ್‌ನಲ್ಲಿ ಶಾಕ್‌ನಿಂದ ಕಾಪಾಡಲು 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್, ಹಾಕಿರುತ್ತೇವೆ ಅಲ್ವಾ? ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಸಾಮಾನ್ಯವಾಗಿ ಅರ್ಥ್‌ಗೆ ಕೂಡಿರುವುದಿಲ್ಲ. ಹಾಗಿದ್ದಾಗ ಫ್ರಿಜ್ ಮೈಗೆ ಕರೆಂಟ್ ಬಂದರೂ ಅದು ಟ್ರಿಪ್ ಆಗದಿರಬಹುದು. ಟೆಸ್ಟ್ ಗುಂಡಿ ಒತ್ತಿದರೆ ಮಾತ್ರ ಟಪ್ ಅಂತ ಬೀಳುತ್ತದೆ, ಯಾಕೆಂದರೆ ಆ ಗುಂಡಿಗೆ ಅರ್ಥ್ ಬೇಕಿಲ್ಲ. ಗುಂಡಿ ಬಿತ್ತು, ಎಲ್ಲ ಸರಿ ಇದೆ ಅಂದುಕೊಂಡರೆ ಮೋಸ ಹೋಗುತ್ತೀರಿ. ಬಲ್ಲ ಎಲೆಕ್ಟ್ರಿಷಿಯನ್‌ನಿಂದ ಜನರೇಟರ್ ಬದಿಗೆ ಮಾತ್ರ ನ್ಯೂಟ್ರಲ್ ಮತ್ತು ಅರ್ಥ್ ಕೂಡಿಸುವ ಪ್ಲಗ್ ಮಾಡಿಸಿಕೊಳ್ಳಿ. ಟ್ರೇಲರ್ ಒಳಗೆ ಕೂಡಿಸಬೇಡಿ. ನಾಳೆ ರೆಸಾರ್ಟ್‌ನ ಕರೆಂಟ್‌ಗೆ ಸಿಕ್ಕಿಸಿದಾಗ ಅದೇ ತೊಂದರೆ ಮಾಡುತ್ತದೆ.

ಗ್ಯಾಸ್ ಎಷ್ಟು ದಿನ ಬರುತ್ತದೆ

1 ಕೆ.ಜಿ. ಎಲ್‌ಪಿಜಿಯಲ್ಲಿ ಸುಮಾರು 12.8 ಯೂನಿಟ್‌ನಷ್ಟು ಶಾಖ ಇರುತ್ತದೆ. ಸಣ್ಣ ಎಂಜಿನ್ ಅದರಲ್ಲಿ ಐದರಲ್ಲೊಂದು ಪಾಲನ್ನು ಕರೆಂಟ್ ಮಾಡಿದರೆ ದೊಡ್ಡದು. ಅಂದರೆ ಕೆ.ಜಿ.ಗೆ 2 ಯೂನಿಟ್ ಅಂತ ಹಿಡಿಯಿರಿ, ಮೋಸ ಇಲ್ಲ.

ನಮ್ಮದು 12 ವೋಲ್ಟ್, 100 ಆಂಪ್ ಅವರ್‌ನ ಲಿಥಿಯಂ ಬ್ಯಾಟರಿ. ತುಂಬಿದಾಗ 1.28 ಯೂನಿಟ್. ರಾತ್ರಿಯ ಫ್ಯಾನ್, ದೀಪ, ಫ್ರಿಜ್ ಎಲ್ಲ ಅದರಲ್ಲೇ ಆಗುತ್ತದೆ. 40 ಆಂಪ್ ಚಾರ್ಜರ್‌ನಿಂದ ಪೂರ್ತಿ ತುಂಬಲು ಎರಡೂವರೆ ಗಂಟೆ ಚಿಲ್ಲರೆ. ಬೆಳಿಗ್ಗೆ ಉಪ್ಪಿಟ್ಟು, ಚಹಾ ಆಗುವ ಹೊತ್ತಿಗೆ ಒಂದು ಗಂಟೆ, ಸಂಜೆ ಮಕ್ಕಳು ಹೊರಗೆ ಆಡುವಾಗ ಒಂದೂವರೆ. ತೂಕ ಹಾಕಿ ನೋಡಿದರೆ ಒಂದು ಚಾರ್ಜ್‌ಗೆ 850 ಗ್ರಾಂ ಆಸುಪಾಸು ಖರ್ಚು. ಒಂದು ಛೋಟುವಿಗೆ ಐದು ದಿನ ಧಾರಾಳ.

ಈ ಪದ್ಧತಿಯಿಂದ ರಾತ್ರಿ ಸದ್ದೂ ಇಲ್ಲ. ಶಬ್ದ ಮಾಲಿನ್ಯದ ನಿಯಮದಲ್ಲಿ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ವಸತಿ ಜಾಗದಲ್ಲಿ ಆಗ ಮಿತಿ 45 ಡೆಸಿಬಲ್ ಮಾತ್ರ. ಗೋವಾದ ಬಗ್ಗೆ ಒಂದು ಮಾತು: ಅಲ್ಲಿ ಪ್ರವಾಸಿ ತಾಣಗಳಲ್ಲಿ ಬಯಲಲ್ಲಿ ಅಡುಗೆ ಮಾಡುವುದನ್ನು 2022ರ ಅಕ್ಟೋಬರ್‌ನಲ್ಲಿ ಪ್ರವಾಸೋದ್ಯಮ ಇಲಾಖೆ ನಿಷೇಧಿಸಿದೆ. ದಂಡ 5,000 ರೂಪಾಯಿಯಿಂದ ಶುರು. ಬೀಚ್ ಮೇಲೆ ಸಿಲಿಂಡರ್ ಇಳಿಸಬೇಡಿ. ತೋಟದ ಮಾಲೀಕರನ್ನು ಕೇಳಿ ಅವರ ಜಾಗದಲ್ಲಿ ನಿಲ್ಲಿಸಿ.

ಘಟ್ಟದ ಮೇಲೆ, ಚಳಿಯಲ್ಲಿ

ಮಹಾಬಳೇಶ್ವರದಲ್ಲಿ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಒಂದು ಎತ್ತರ. ಪ್ರತಿ 300 ಮೀಟರ್‌ಗೆ ಎಂಜಿನ್ ಸುಮಾರು 3.5 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. 1,300 ಮೀಟರ್ ಮೇಲೆ ನಮ್ಮ 1.8 ಕಿಲೋವಾಟ್ ಒಂದೂವರೆಗೆ ಇಳಿಯುತ್ತದೆ.

ಇನ್ನೊಂದು ಚಳಿ. ಸಿಲಿಂಡರ್‌ನಲ್ಲಿ ದ್ರವ ಆವಿಯಾಗುವಾಗ ತನ್ನ ಸುತ್ತಲಿನ ಕಾವನ್ನೇ ಹೀರಿಕೊಳ್ಳುತ್ತದೆ. ಒಂದು ಬೆಳಿಗ್ಗೆ ಅಲ್ಲಿ ನೋಡಿದೆ. ಸಿಲಿಂಡರ್‌ನ ಮೇಲಿನ ಅರ್ಧ ಒಣಗಿತ್ತು, ಕೆಳಗಿನ ಅರ್ಧದ ಮೇಲೆ ಸಣ್ಣ ಸಣ್ಣ ನೀರಿನ ಹನಿ. ಆ ಗೆರೆಯೇ ಒಳಗಿನ ದ್ರವದ ಮಟ್ಟ. ಕೈಯಿಟ್ಟರೆ ಜುಂ ಅನ್ನುವಷ್ಟು ತಣ್ಣಗೆ. ಎಂಜಿನ್ ಏರಿಳಿಯುತ್ತ ಉಸಿರುಗಟ್ಟಿದ ಹಾಗೆ ಓಡುತ್ತಿತ್ತು. ಬೆರೆತ ಗ್ಯಾಸಿನಲ್ಲಿ ಪ್ರೊಪೇನ್ ಮೊದಲು ಜಾಸ್ತಿ ಹೋಗುತ್ತದೆ, ತಳದಲ್ಲಿ ಬ್ಯೂಟೇನ್ ಉಳಿಯುತ್ತದೆ. ಅದಕ್ಕೇ ಚಳಿಯಲ್ಲಿ ಕೊನೆಯ ಮೂರನೇ ಒಂದು ಪಾಲು ಕಾಟ ಕೊಡುವುದು.

ಉಪಾಯ ಸರಳ. ಅಲ್ಲಿಗೆ ತುಂಬಿದ ಸಿಲಿಂಡರ್ ಒಯ್ಯಿರಿ, ಚಾರ್ಜ್ ಮಾಡುವುದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಲೋಡ್ ಅರ್ಧಕ್ಕೆ ಇಳಿಸಿ. ಸಿಲಿಂಡರ್‌ಗೆ ಬೆಂಕಿ ಕಾಯಿಸುವುದು, ಕುದಿಯುವ ನೀರು ಸುರಿಯುವುದು, ಹೊಗೆಯ ಬಾಯಿಗೆ ಹತ್ತಿರ ತರುವುದು ಯಾವುದೂ ಬೇಡ. ಬೇಗ ಖಾಲಿಯಾಗಲಿ ಅಂತ ಮಲಗಿಸುವುದಂತೂ ಬೇಡವೇ ಬೇಡ. ದ್ರವ ಗ್ಯಾಸೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ.

ಹೊರಡುವಾಗ

ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರ್‌ಗೆ ದಾರ ಕಟ್ಟಿದ ಆ ಪ್ಲಾಸ್ಟಿಕ್ ಕ್ಯಾಪ್ ಇರುತ್ತದಲ್ಲ, ಅದನ್ನು ಒತ್ತಿ ಕೂಡಿಸಿ. ಕ್ಯಾಪ್ ಕಳೆದುಕೊಂಡವರೇ ಜಾಸ್ತಿ. ನಾವು ದಾರವನ್ನು ಹಿಡಿಗೆ ಎರಡು ಗಂಟು ಹಾಕಿಟ್ಟಿದ್ದೇವೆ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಜನರೇಟರನ್ನು ಗಾಡಿಗೆ ಏರಿಸಬೇಡಿ. ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಚಾಪೆ ಮಡಚುವುದು, ಕೇಬಲ್ ಸುತ್ತುವುದು ಆಗುತ್ತದೆ. ಹೊಸ ಎಂಜಿನ್‌ಗೆ ಮೊದಲ 20 ಗಂಟೆಗೆ ಆಯಿಲ್ ಬದಲಿಸಿ, ಆಮೇಲೆ 100 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ.

ಮನೆ ಮುಟ್ಟಿದ ಮೇಲೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ಸಿಲಿಂಡರ್ ನೇತು ಹಾಕಿ. ಬಂದ ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿದ ಗ್ಯಾಸ್. ಅದನ್ನು ಒಂದು ಚೂರು ಟೇಪ್ ಮೇಲೆ ಬರೆದು ಹಿಡಿಗೆ ಅಂಟಿಸಿ. ನಮ್ಮ ಸಿಲಿಂಡರ್ ಮೇಲೆ ಈಗ ಇರುವ ಟೇಪ್‌ನಲ್ಲಿ ಮಗಳ ಅಕ್ಷರದಲ್ಲಿ ಹೀಗಿದೆ: ತಾರ್ಕರ್ಲಿ, ಮೂರು ದಿನ, ಖರ್ಚು 2.6, ಉಳಿದದ್ದು 2.4.